ಓಕ್‌ಬುನ್ ಅಜ್ಜಿಯ ನೆಟ್ಟಗಿನ ಬೆನ್ನು

ಓಕ್‌ಬುನ್ ಅಜ್ಜಿಯ ಬೆನ್ನು ನೆಟ್ಟಗೆ ಮಾಡಲು ನಮ್ಮ ಡಾಕ್ಟರ್ ಪ್ಯೋಗೆ ಒಂಬತ್ತು ಗಂಟೆ ಹಿಡಿಯಿತು. ಅದನ್ನು ಹಾಳುಮಾಡಿಕೊಳ್ಳಲು ಅಜ್ಜಿಗೆ ನೂರಿಪ್ಪತ್ತು ಎಲೆಕೋಸು ಸಾಕಾಯಿತು. ಆಪರೇಷನ್ ಆದ ಮೇಲೆ ಕೈಹಿಡಿದು ನಡೆಸಿದ ನರ್ಸ್ ನಾನು. ನನಗೆ ಮೈ ಉರಿಯದೆ ಇರುತ್ತದೆಯೇ?

ಉಇಸೊಂಗ್ ಊರಿನ ಬೆಳ್ಳುಳ್ಳಿ ಹೊಲದಲ್ಲಿ ಐವತ್ತು ವರ್ಷ ಕುಕ್ಕರಗಾಲಲ್ಲಿ ದುಡಿದವಳು ಈಕೆ. ಎಪ್ಪತ್ತರ ಹೊತ್ತಿಗೆ ಮೊಮ್ಮಗುವಿನ ಹಳೆಯ ತಳ್ಳುಗಾಡಿ ಹಿಡಿಯದೆ ಹತ್ತು ಹೆಜ್ಜೆ ಹಾಕಲಾರದಷ್ಟು ಬಾಗಿದ್ದಳು. ಡಾಕ್ಟರು ಎದೆಯ ಕೆಳಗಿನಿಂದ ಸೊಂಟದ ಮೂಳೆಯವರೆಗೆ ಎರಡು ಸರಳು ಕೂರಿಸಿ, ತಲೆಯ ಭಾರ ನೇರ ಸೊಂಟದ ಮೇಲೆ ಬೀಳುವಂತೆ ನಿಲ್ಲಿಸಿದರು.

"ಸರಳಿರೋ ಕಡೆ ಬೆನ್ನು ಬಗ್ಗಲ್ಲ ಅಜ್ಜಿ. ನೀವು ಬಗ್ಗಿದ್ರೆ ಭಾರವೆಲ್ಲ ಸರಳು ಮುಗಿಯೋ ಜಾಗಕ್ಕೇ ಬೀಳುತ್ತೆ. ನೆಲದ ಮೇಲೆ ಕೂರಲೇಬೇಡಿ," ಎಂದು ನಾನು ನೂರು ಸಲ ಹೇಳಿದ್ದೆ.

"ಮೆಣಸಿನ ಗಿಡಕ್ಕೆ ಗಿಡ್ಡ ಕೋಲು ಕಟ್ಟಿದ್ರೆ ಕಟ್ಟಿನ ಮೇಲೇ ಮುರಿಯುತ್ತೆ. ನಂಗೇ ಪಾಠ ಹೇಳ್ತೀಯೇನೇ?"

ಇಷ್ಟು ಗೊತ್ತಿದ್ದವಳು ನವೆಂಬರಿನಲ್ಲಿ, ಊರ ಹೆಂಗಸರೆಲ್ಲ ಸೇರಿ ಚಳಿಗಾಲಕ್ಕೆಂದು ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕುವಾಗ, ಸಮುದಾಯ ಭವನದ ನೆಲದ ಮೇಲೆ ಎರಡು ದಿನ ಕೂತಳು. ಸರಳಿನ ಮೇಲ್ತುದಿಯ ಸ್ಕ್ರೂಗಳು ಸಡಿಲವಾದವು, ಅವುಗಳ ಮೇಲಿನ ಮೂಳೆ ಕುಸಿಯಿತು. ಇನ್ನೂ ಬಾಗಿದರೆ ನರ ಒತ್ತಿ ಕಾಲೇ ಹೋದೀತು. ಮತ್ತೆ ಆಪರೇಷನ್ ಆಗಬೇಕು. ಅಜ್ಜಿ ಸಹಿ ಹಾಕಲೊಲ್ಲಳು.

"ಮತ್ತೆ ನೆಲದಲ್ಲಿ ಕೂರಬಾರ್ದು ಅಂತೀರಲ್ಲ. ಎಲ್ರೂ ಕೆಳಗೆ ಒಂದೇ ಗಿಡ್ಡ ಮೇಜಿನ ಸುತ್ತ ಉಣ್ಣೋವಾಗ ನಾನೊಬ್ಳು ಮೇಲೆ ಕೂತು ಅವರ ನೆತ್ತಿ ನೋಡ್ಲಾ? ಅದಕ್ಕಿಂತ ಗೂನೇ ವಾಸಿ."

ತಲೆ ಚಚ್ಚಿಕೊಳ್ಳುವಂತಾಯಿತು. ಭವನದ ಯಜಮಾನಿ ಹ್ವಾಜಾ ಅಜ್ಜಿಗೆ ವಾರ್ಡಿನಲ್ಲಿ ಓಕ್‌ಬುನ್ ಅಜ್ಜಿಯ ಪಕ್ಕದಿಂದಲೇ ಫೋನ್ ಮಾಡಿ, ಅವಳಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ರೇಗಿದೆ. "ನಿಮಗೆಲ್ಲ ಮಂಡಿನೋವು. ಗೋಡೆ ಹಿಡೀದೆ ಏಳೋಕಾಗಲ್ಲ. ನೆಲದ ಮೇಲೇ ಯಾಕೆ ಕೂರ್ತೀರಿ?"

"ಅಯ್ಯೋ, ಪಂಚಾಯ್ತಿ ಕಚೇರಿಯವರು ಭವನಕ್ಕೆ ಕುರ್ಚಿ ಕೊಟ್ಟು ವರ್ಷ ಆಯ್ತಮ್ಮ. ಓಕ್‌ಬುನ್ ಆಸ್ಪತ್ರೆಯಿಂದ ಬಂದ್ಲು, ಬಂದವಳೇ ನೆಲಕ್ಕೆ ಕೂತ್ಲು. ನಾವು ಕುರ್ಚಿ ಹಾಕಿದ್ರೆ ಅವಳನ್ನ ರೋಗಿ ಅಂತ ಎತ್ತಿ ತೋರಿಸಿದ ಹಾಗಲ್ವಾ? ಮಂಡಿ ಹಾಳಾಗಿ ಹೋಗ್ಲಿ ಅಂತ ಎಲ್ರೂ ಅವಳ ಜೊತೆ ನೆಲಕ್ಕೇ ಕೂತ್ವಿ."

ಅಜ್ಜಿ ಫೋನ್ ಕಿತ್ತುಕೊಂಡಳು. "ಹಾಳಾದವಳೇ! ನಿಮಗೋಸ್ಕರ ನಾನು ಬೆನ್ನು ಮುರ್ಕೊಂಡೆನಲ್ಲೇ!"

ಆಮೇಲೆ ಗೋಡೆ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ, ಸಹಿ ಎಲ್ಲಿ ಹಾಕಬೇಕೆಂದು ಕೇಳಿದಳು.