ಎರಡನೇ ಗ್ರೂಪ್ ಫೋಟೊ

ಸಿಂಧನೂರಿನ ಆ ಫೋಟೊಗ್ರಾಫರ್ ಹೆಣ್ಣುಮಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಸ್ಕಿಯ ನಮ್ಮ ಶಾಲೆಗೆ ಬಂದಾಗಲೆಲ್ಲ ಮಕ್ಕಳ ಕಾಲರ್ ಸರಿಪಡಿಸುತ್ತ, ಆಕಾಶ ನೋಡುತ್ತ, "ಲಗೂನ ಟೀಚರ್, ಬೆಳಕು ಹೊಂಟೈತ್ರಿ" ಎನ್ನುತ್ತಲೇ ಇರುತ್ತಿದ್ದಳು. ಸ್ವಂತ ಕೆಲಸ ಹಿಡಿದು ಇನ್ನೂ ವರ್ಷವಾಗಿರಲಿಲ್ಲ.

ಅಂದು ಏಳನೇ ತರಗತಿಯ ಗ್ರೂಪ್ ಫೋಟೊ ಮುಗಿಸಿ, ಲಿಂಗಸುಗೂರಿನಲ್ಲಿ ಹಸುಗೂಸಿನ ಫೋಟೊ ತೆಗೆಯಲು ಸ್ಕೂಟಿ ಏರಿದ್ದಳು. ಅಲ್ಲಿ ಅವಳಿಗೆ ಅದೇ ಮೊದಲ ಆರ್ಡರ್. ಅಷ್ಟರಲ್ಲಿ ಅದೇ ತರಗತಿಯ ಸಂತೆಕಲ್ಲೂರಿನ ಹುಡುಗಿಯೊಬ್ಬಳು, ಆಟೊ ಕೆಟ್ಟು ತಡವಾಗಿ, ಓಡುತ್ತ ಬಂದಳು.

"ಈಕಿ ಮುಖ ಆಮ್ಯಾಲ ಕಂಪ್ಯೂಟರ್‌ದಾಗ ಕೂಡಿಸವ್ವ" ಎಂದೆ.

"ಮುಖ ಕೂಡಸ್ತೀನ್ರಿ. ಆದ್ರ ಗೆಳತ್ಯಾರ ಹೆಗಲ ಮ್ಯಾಲ ಕೈ ಹಾಕಿದ್ದು ಹೆಂಗ ಕೂಡಸ್ಲಿ?"

ಕೆಳಗಿಳಿದು ಎಲ್ಲರನ್ನೂ ಮತ್ತೆ ಸಾಲಾಗಿ ನಿಲ್ಲಿಸಿದಳು. ನಡುವೆ ಲಿಂಗಸುಗೂರಿನಿಂದ ಫೋನು ಬಂತು. ಕೇಳಿಸಿಕೊಂಡು, "ಬ್ಯಾರೇದವ್ರನ್ನ ಕರಸ್ಯಾರಂತ" ಎಂದಷ್ಟೇ ಹೇಳಿ, ಹುಡುಗಿಯ ಹಣೆಯ ಬೆವರನ್ನು ತನ್ನ ದುಪಟ್ಟಾದಿಂದ ಒರೆಸಿ ಕ್ಯಾಮೆರಾ ಎತ್ತಿಕೊಂಡಳು.