ಮೂರನೆಯ ಗ್ಯಾಸು

ಫ್ರಿಜ್ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಗ್ಯಾಸ್ ಮಾವ. ಅದು ಕಸುಬಿನಿಂದ ಬಂತೋ ಅವನು ಕೊಚ್ಚುತ್ತಿದ್ದ ಬಡಾಯಿಯಿಂದ ಬಂತೋ, ದೇವರಿಗೇ ಗೊತ್ತು.

ಪ್ರಾಯದಲ್ಲಿ ಅವನ ಕೆಲಸದ ರೀತಿಯೇ ಹಾಗೆ: ಬಾಯಲ್ಲಿ ಸಿಗರೇಟು, ಕೈಯಲ್ಲಿ ಕಟರ್. ಕೊಳವೆ ಕತ್ತರಿಸಿ, ಹಳೆಯ ಗ್ಯಾಸನ್ನು ಕೋಣೆಯೊಳಗೇ ಬುಸ್ಸೆಂದು ಬಿಟ್ಟು, ಬೆಸುಗೆ ಹಾಕಿ, ಹೊಸದನ್ನು ತುಂಬುವುದು. ಆ ಗ್ಯಾಸು ಮೇಲೇರಿ ಓಝೋನ್ ಪದರವನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳು ಹೇಳಿದಾಗ ಅವನು ನಕ್ಕಿದ್ದ. ಆದರೆ ದೇಶದೇಶಗಳು ಒಪ್ಪಿಕೊಂಡು ಅದರ ತಯಾರಿಕೆಯನ್ನೇ ನಿಲ್ಲಿಸಿದವು. ಅಂಗಡಿಗೆ ಬೇರೆ ಸಿಲಿಂಡರ್ ಬಂತು. ಗೊಣಗುತ್ತಲೇ ಅದನ್ನು ತುಂಬಿದ. ಪದರ ಚೇತರಿಸಿಕೊಳ್ಳುತ್ತಿದೆ ಎಂಬ ಸುದ್ದಿ ಬಂದಮೇಲೆ, ಆಕಾಶಕ್ಕೆ ತೇಪೆ ಹಾಕಿದವರಲ್ಲಿ ತಾನೂ ಒಬ್ಬನೆಂದು ಎದೆಯುಬ್ಬಿಸಿ ತಿರುಗಿದ.

ಆ ಜಂಬಕ್ಕೆ ತಣ್ಣೀರೆರಚಿದವಳು ಮಗಳು, ಅಪ್ಪನ ಕಸುಬನ್ನೇ ಹಿಡಿದವಳು. ಎರಡನೆಯ ಗ್ಯಾಸು ಓಝೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಮಾತ್ರ ಕಾಯಿಸುತ್ತದೆ ಎಂದಳು. ಅದಕ್ಕೇ ಮೂರನೆಯದು ಬಂದಿದೆ. ಅದರಿಂದ ಎರಡಕ್ಕೂ ಅಂಥ ಕೇಡಿಲ್ಲ, ಆದರೆ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ಈ ಸಲವೂ ಎಲ್ಲರೂ ಬದಲಾದಾರೇ ಎಂದು ಅವನು ಕೇಳಿದ.

"ಅವತ್ತು ಸಿಲಿಂಡರ್ ಬದಲಾಯ್ಸಿದ್ರೆ ಸಾಕಿತ್ತು ಅಪ್ಪ. ಈಗ ಕೈಯಭ್ಯಾಸಾನೇ ಬದಲಾಯ್ಸ್ಬೇಕು. ಕಷ್ಟ ಇರೋದು ಅಲ್ಲೇ."

ಈ ಮಧ್ಯಾಹ್ನ ಅವಳು ಔಷಧಿ ಅಂಗಡಿಗೆ ರಿಪೇರಿಗೆಂದು ಒಬ್ಬಳೇ ಹೋಗಿದ್ದಳು. ಅಲ್ಲಿನ ಫ್ರಿಜ್ ಮೂರನೆಯ ಗ್ಯಾಸಿನದು. ತಮ್ಮ ರಿಪೇರಿ ಅಂಗಡಿಯ ಗೋಡೆಯ ಮೊಳೆಯತ್ತ ಕಣ್ಣು ಹೋದಾಗ ಮಾವನ ಎದೆ ಧಸಕ್ಕೆಂದಿತು. ಗ್ಯಾಸನ್ನು ಕಿಟಕಿಯಾಚೆ ಬಿಡುವ ಉದ್ದನೆಯ ಕೊಳವೆ ಅಲ್ಲೇ ನೇತಾಡುತ್ತಿತ್ತು. ಬೆಂಕಿಯುಗುಳುವ ಬೆಸುಗೆಯ ಟಾರ್ಚ್ ಮಾತ್ರ ಅವಳ ಜೊತೆ ಹೋಗಿತ್ತು. ಫೋನ್ ಮಾಡಿದ, ಎತ್ತಲಿಲ್ಲ. ಚಿಕ್ಕಂದಿನಿಂದ ಅವಳು ನೋಡಿ ಕಲಿತದ್ದು ತನ್ನ ಕೈಯನ್ನೇ ತಾನೆ? ಕೊಳವೆಯನ್ನು ಹೆಗಲಿಗೇರಿಸಿ ಎದ್ದೆನೋ ಬಿದ್ದೆನೋ ಎಂದು ಹೊರಟ. ಹುಡುಗಿ ನನ್ನ ಹಾಗೆ ಮಾಡದಿರಲಿ ಎಂಬ ಒಂದೇ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿತ್ತು.

ಔಷಧಿ ಅಂಗಡಿಯೊಳಗೆ ಫ್ರಿಜ್ ಇರಲಿಲ್ಲ. ಮಗಳು ಅದನ್ನು ಹಿತ್ತಲಿಗೆ ತಳ್ಳಿಸಿಕೊಂಡು, ಫೋನನ್ನು ದೂರದ ಕಟ್ಟೆಯ ಮೇಲಿಟ್ಟು, ಗ್ಯಾಸನ್ನು ಬಯಲ ಗಾಳಿಗೆ ಬಿಡುತ್ತಾ ಕಾಯುತ್ತಿದ್ದಳು. ಟಾರ್ಚ್ ಇನ್ನೂ ಚೀಲದಲ್ಲೇ ಇತ್ತು. ಮಾವನಿಗೆ ಹೋದ ಜೀವ ಬಂದಂತಾಯಿತು. ಅವಳತ್ತ ದಾಪುಗಾಲು ಹಾಕಿದ.

ಅವಳ ಮುಖ ಬಿಳಿಚಿಕೊಂಡಿತು. ಅಂಗೈ ಎತ್ತಿ ತಡೆದಳು.

"ಅಲ್ಲೇ ನಿಂತ್ಕೋ ಅಪ್ಪ. ಬಾಯಲ್ಲೇನಿದೆ ನೋಡ್ಕೋ."

ದಾರಿಯಲ್ಲಿ, ಆ ಗಾಬರಿಯಲ್ಲಿ, ಯಾವಾಗ ಹಚ್ಚಿದ್ದನೋ ಅವನಿಗೇ ತಿಳಿದಿರಲಿಲ್ಲ. ಒಂದೊಂದೇ ಹೆಜ್ಜೆ ಹಿಂದೆ ಸರಿದು ಬೀದಿಯವರೆಗೂ ಹೋಗಿ ಸಿಗರೇಟನ್ನು ಹೊಸಕಿದ. ಆಮೇಲೂ ಅವನಿಗೆ ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ.