ಅರ್ಕಾವೊತ್ತಿನ ಮನೆಯ ಹಾಲು

ಟೈಲರಮ್ಮನ ಗಂಡನಿಗೆ ಪತ್ರಿಕೆಯ ಆಫೀಸಿನಲ್ಲಿ ಬಿದ್ದಿದ್ದ ಹೆಸರು ಅರ್ಕಾವೊತ್ತು. ಇಪ್ಪತ್ತೇಳು ವರ್ಷದಿಂದ ಅಲ್ಲಿ ಕರಡು ತಿದ್ದುವುದೇ ಅವರ ಕೆಲಸ. ಅಂಗಡಿಯ ಬೋರ್ಡು, ಔಷಧಿ ಚೀಟಿ, ತಂಗಿ ಬರೆದ ಕಾಗದ, ಯಾವುದನ್ನೂ ಸುಮ್ಮನೆ ಬಿಟ್ಟವರಲ್ಲ. ತಂಗಿಯ ಗಂಡ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂದಾಗಲೂ ಮೊದಲು ಕಾಗದದಲ್ಲಿದ್ದ ಮೂರು ತಪ್ಪು ತಿದ್ದಿ, ಪೆನ್ನಿನ ಟೋಪಿ ಹಾಕಿ, ಆಮೇಲೆ ಅಯ್ಯೋ ಎಂದವರು. ಮದುವೆಯಾದ ಹೊಸದರಲ್ಲಿ ಟೈಲರಮ್ಮ ಬರೆದುಕೊಡುತ್ತಿದ್ದ ಸಾಮಾನಿನ ಚೀಟಿ ಸಂಜೆ ಕೆಂಪಗಾಗಿ ವಾಪಸ್ಸು ಬರುತ್ತಿತ್ತು, ಸಾಮಾನು ಬರುತ್ತಿರಲಿಲ್ಲ. ಆವತ್ತಿನಿಂದ ಆಕೆ ಗಂಡನ ಕೆಂಪು ಶಾಯಿ ತಗುಲಿದ ಯಾವ ಕಾಗದವನ್ನೂ ಓದುವ ಗೋಜಿಗೆ ಹೋಗಲಿಲ್ಲ.

ಆಕೆಯ ಲೋಕ ಮುಂದಿನ ಕೋಣೆಯ ಕಿಟಕಿ ಪಕ್ಕದ ಹೊಲಿಗೆ ಮಿಷನ್ನು. ಶಾಲೆ ಮಕ್ಕಳ ಸಮವಸ್ತ್ರಗಳ ಗಂಟು ಬಲಕ್ಕೆ, ಹೊಲಿದು ಮಡಿಸಿದ್ದು ಎಡಕ್ಕೆ. ಎರಡು ಪದರ ಬಟ್ಟೆಯ ನಡುವೆ ನೂಲು ಗಂಟು ಬಿದ್ದಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತಿತ್ತು. ನಾಲ್ಕು ಗಂಟೆಗೆ ಮಿಷನ್ನು ನಿಲ್ಲಿಸಿ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, ಒಂದು ಲೋಟ ಬಿಸಿ ಹಾಲು ಕುಡಿಯುವಳು. ಇಡೀ ದಿನದಲ್ಲಿ ಯಾರಿಗೂ ಉತ್ತರ ಹೇಳಬೇಕಿಲ್ಲದ ಐದು ನಿಮಿಷ ಅದು.

ಒಂದು ಮಂಗಳವಾರ ಸ್ನಾನ ಮಾಡುವಾಗ ಅದೇ ಬೆರಳಿಗೆ ಎಡ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಅಂಗಿಯ ತೋಳಿನ ಗುಂಡಿಯಷ್ಟು. ಸಂಜೆ ಗಂಡನ ಊಟ ಮುಗಿಯುವವರೆಗೂ ಕಾದು, ಹೇಗೋ ಬಾಯಿಬಿಟ್ಟು ಹೇಳಿದಳು.

ಅರ್ಕಾವೊತ್ತಿನವರು ಎದ್ದರು. ಡಾಕ್ಟರ ಹತ್ತಿರ ಹೊರಟರೇನೋ ಎಂದುಕೊಂಡರೆ, ಅವತ್ತಿನ ಪತ್ರಿಕೆ ತಂದರು.

"ಇಲ್ನೋಡು, ನಮ್ಮ ಆರೋಗ್ಯ ಪುಟ. ಹಾಲು ಕುಡಿಯುವುದರಿಂದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಹೇಳಲಾಗಿದೆ. ಕೇಳಿಸ್ತಾ? ದಿನಾ ಲೋಟ ಲೋಟ ಸುರ್ಕೊಂಡ್ರೆ ಇನ್ನೇನಾಗುತ್ತೆ? ನಾಳೆಯಿಂದ ಬಂದ್. ತಾನಾಗೇ ಕರಗುತ್ತೆ."

"ಯಾರಿಗಾದ್ರೂ ಒಂದ್ಸಲ ತೋರಿಸೋದಲ್ವಾ?"

"ಅಚ್ಚಾಗಿದೆ ಕಣೇ! ನಾನೇ ನೋಡಿ ಬಿಟ್ಟ ಪುಟ. ಇದಕ್ಕಿಂತ ಇನ್ನೇನು ಬೇಕು ನಿಂಗೆ?"

ಲೇಖನವನ್ನು ಕತ್ತರಿಸಿ, ಮುಖ್ಯವಾದ ಸಾಲಿಗೆ ಕೆಂಪು ಗೆರೆ ಎಳೆದು, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದರು. ಮರುದಿನ ಬೆಳಿಗ್ಗೆ ತಮ್ಮ ಗಟ್ಟಿ ಹಾಲಿನ ಕಾಫಿಯನ್ನು ಎಂದಿನಂತೆ ಕೇಳಿ ಕುಡಿದರು. ಟೈಲರಮ್ಮ ಮುಖ ನೋಡಿದಾಗ ಅವರಿಗೆ ಸಂಕೋಚವೇನೂ ಆಗಲಿಲ್ಲ. "ಹೆಂಗಸರಲ್ಲಿ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ" ಎಂದರು.

ನಿಷೇಧ ಅತ್ತೆಗೂ ಅನ್ವಯವಾಗಿತ್ತು. ಎಂಬತ್ತೆರಡರ ಆ ಮುದುಕಿ ಸೊಪ್ಪು ಹಾಕಲಿಲ್ಲ. "ನಿನ್ನನ್ನ ಹೆತ್ತಿದ್ದಕ್ಕಿಂತ ದೊಡ್ಡ ಕಾಯಿಲೆ ನಂಗಿನ್ನು ಬರೋದಿದೆಯೇನೋ?" ಎಂದು ಮಗನನ್ನು ಜಾಡಿಸಿ, ಅವರು ಆಫೀಸಿಗೆ ಹೋದ ಮೇಲೆ ಪಾತ್ರೆಯಿಂದಲೇ ನೇರವಾಗಿ ಕುಡಿಯುತ್ತಿದ್ದಳು. ಕಡಿಮೆಯಾದಷ್ಟು ನೀರು ಬೆರೆಸುವಳು. ಅಕ್ಷರದ ಹುಳುಕು ಹುಡುಕುವ ಮಗನಿಗೆ ಕಾಫಿ ತೆಳ್ಳಗಾದದ್ದು ಒಂದು ದಿನವೂ ಗೊತ್ತಾಗಲಿಲ್ಲ.

ಟೈಲರಮ್ಮ ಮಾತ್ರ ನಿಯತ್ತಾಗಿ ಬಿಟ್ಟಳು. ನಾಲ್ಕು ಗಂಟೆಗೆ ಕಪ್ಪು ಚಹಾ ಕುಡಿದು ಮುಖ ಕಿವುಚುವಳು. ಆರು ವಾರ ಕಳೆಯಿತು. ಗುಂಡಿ ಕರಗಲಿಲ್ಲ, ಕೋಟಿನ ಗುಂಡಿಯಷ್ಟಾಯಿತು. ಗಂಡನಿಗೆ ಹೇಳಿದರೆ, "ಮೊಸರು ತಿಂತಿದೀಯಲ್ಲ, ಅದೂ ಹಾಲೇ" ಎಂದು ಮೊಸರನ್ನೂ ಬಿಡಿಸಿದರು.

ಒಂದು ಮಧ್ಯಾಹ್ನ ಅತ್ತೆ ಅವಸರದಲ್ಲಿ ಪಾತ್ರೆ ಎತ್ತಲು ಹೋಗಿ ಹಾಲನ್ನು ಕಪಾಟಿನ ಬಾಗಿಲ ಮೇಲೆಲ್ಲ ಚೆಲ್ಲಿದಳು. ಟೈಲರಮ್ಮ ಬಟ್ಟೆ ತಂದು ಒರೆಸುತ್ತಾ, ನೆನೆದ ಲೇಖನವನ್ನು ಮೊದಲ ಸಲ ಕೊನೆಯವರೆಗೂ ಓದಿದಳು. ಕೊನೆಯ ಸಾಲು: 'ಗಂಟು ಕೈಗೆ ಸಿಕ್ಕರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಿ.' ಅದರ ಕೆಳಗೆ, ಲೇಖನ ಬರೆದ ಡಾಕ್ಟರಮ್ಮನ ಆಸ್ಪತ್ರೆಯ ವಿಳಾಸ. ಆಕೆಗೆ ಸಿಟ್ಟು ನೆತ್ತಿಗೇರಿತು, ಗಂಡನ ಮೇಲೂ, ಆರು ವಾರ ಅದೇ ಕಾಗದದ ಮುಂದೆ ನಿಂತು ಕಾಫಿ ಸೋಸಿದ ತನ್ನ ಮೇಲೂ. ಹೊಲಿಯುತ್ತಿದ್ದ ಅಂಗಿಯನ್ನು ಸೂಜಿಯ ಕೆಳಗೇ ಬಿಟ್ಟು ಚಪ್ಪಲಿ ಮೆಟ್ಟಿದಳು.

ಡಾಕ್ಟರಮ್ಮ ಮುಟ್ಟಿ ನೋಡಿದರು, ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಕರೆದು ಕೂರಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು. "ಕ್ಯಾನ್ಸರೇ. ಆದ್ರೆ ಆಪರೇಷನ್ ಮಾಡಿ ತೆಗೀಬಹುದು. ಗಂಟು ಸಿಕ್ಕಿದ ದಿನಾನೇ ಬಂದಿದ್ರೆ ಇನ್ನೂ ಒಳ್ಳೇದಿತ್ತು. ಯಾಕಮ್ಮ ಇಷ್ಟು ದಿನ ಸುಮ್ನಿದ್ರಿ?"

"ಹಾಲು ಬಿಟ್ಟಿದ್ದೆ ಡಾಕ್ಟ್ರೇ. ನೀವೇ ಬರೆದಿದ್ರಲ್ಲ, ಹಾಲಿನಿಂದ ಹೆಚ್ಚುತ್ತೆ ಅಂತ ಹೇಳಲಾಗಿದೆ ಅಂತ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ನಾನು ಬರೆದದ್ದು 'ಹೇಳಲಾಗದು' ಅಂತ! ಒಂದು ಅಧ್ಯಯನ ಹೀಗನ್ನುತ್ತೆ, ಇನ್ನೊಂದು ಹಾಗನ್ನುತ್ತೆ, ಅದಕ್ಕೇ ಹೇಳಲಾಗದು. ಕರುಳಿನ ಕ್ಯಾನ್ಸರಿಗಾದ್ರೆ ಹಾಲು ಒಳ್ಳೇದೇ ಮಾಡೋ ಹಾಗೆ ಕಾಣುತ್ತೆ ಅಂತಾನೂ ಬರೆದಿದ್ದೆ. ಪತ್ರಿಕೆಗೆ ಎರಡು ಸಲ ಕಾಗದ ಬರೆದೆ, ಉತ್ತರಾನೇ ಇಲ್ಲ. ಅದ್ಯಾವ ಮಹಾನುಭಾವ ತಿದ್ದಿದನೋ!"

ಮಹಾನುಭಾವ ಯಾರೆಂದು ಟೈಲರಮ್ಮನಿಗೆ ಗೊತ್ತಿತ್ತು.

ಸಂಜೆ ಅರ್ಕಾವೊತ್ತಿನವರ ಮುಂದೆ ಆಪರೇಷನ್ನಿನ ದಿನ ಬರೆದ ಚೀಟಿ ಇಟ್ಟು, ಎಲ್ಲವನ್ನೂ ಹೇಳಿದಳು. ಅವರ ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹೇಳಲಾಗದು ಅನ್ನೋದಕ್ಕೆ ಯಾರಾದ್ರೂ ಒಂದು ಲೇಖನ ಬರೀತಾರಾ? ಕೈತಪ್ಪು ಅಂದ್ಕೊಂಡೆ. 'ದು'ವಿನ ಕೊಂಬು ಕಿತ್ತೆ, 'ಗ'ಕ್ಕೆ ಗುಡಿಸು ಕೊಟ್ಟೆ, 'ದ'ಕ್ಕೆ ಎತ್ವ ಹಾಕಿದೆ, ಅಷ್ಟೇ."

ಟೈಲರಮ್ಮ ಅವರ ಜೇಬಿನಿಂದ ಕೆಂಪು ಪೆನ್ನು ಕಿತ್ತುಕೊಂಡು, ಕಪಾಟಿನ ಬಾಗಿಲಿನ ಕಾಗದದಲ್ಲಿ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಳು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಅಕ್ಷರ ಅಕ್ಷರವಾಗಿ ನೋಡಿದರು.

"ಇದರಲ್ಲೇನೂ ತಪ್ಪಿಲ್ವಲ್ಲೇ?"

"ಇಲ್ಲ. ಅದಕ್ಕೇ ನಿಮ್ಮ ಕಣ್ಣಿಗೆ ಬೀಳ್ಲಿಲ್ಲ" ಎಂದು, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡಳು.